ನಾಲ್ಕು ಬೆರಳು ಗಿಡ್ಡವಾದ ಕೋಲು

"ಅಳತೆ ಕೋಲನ್ನ ಊರುಗೋಲು ಹಿಡಿದ ಹಾಗೆ ಹಿಡಿದಿದ್ದೀಯಲ್ಲ ಪುಟ್ಟಿ. ನೆಟ್ಟಗೆ ಹಿಡಿ," ಎಂದರು ಸೋದರಮಾವ.

ಪುಟ್ಟಿಗೆ ನಲವತ್ತೊಂದು ವರ್ಷ, ಮೈಮೇಲೆ ಇನ್ಸ್‌ಪೆಕ್ಟರ್ ಸಮವಸ್ತ್ರ. ಠಾಣೆಯವರು ಬೆನ್ನ ಹಿಂದೆ ಕರೆಯುವ ಹೆಸರು ಜಿಗಣೆ. ಕಚ್ಚಿದರೆ ಬಿಡುವವಳಲ್ಲ ಎಂಬ ಮೆಚ್ಚುಗೆಯೂ ಅದರಲ್ಲಿತ್ತು, ಕಚ್ಚುವ ಮುಂಚೆ ಯಾರ ಕಾಲೆಂದು ನೋಡುವುದಿಲ್ಲ ಎಂಬ ದೂರೂ ಇತ್ತು. ಇವತ್ತು ಆ ದೂರೇ ನಿಜವಾಗುವ ಹಾಗೆ ಕಾಣುತ್ತಿತ್ತು.

ಅವಳ ಕೈಯಲ್ಲಿದ್ದದ್ದು ಒಂಬತ್ತು ದಿನದ ಹಿಂದೆ, ಸಮುದ್ರ ದಂಡೆಯ ಮರಳಿನ ಮಟ್ಟ ಅಳೆಯುತ್ತಿದ್ದ ಅಳತೆ ಮೇಷ್ಟ್ರ ಹೆಣದ ಪಕ್ಕ ಸಿಕ್ಕಿದ್ದ ಕೋಲು. ಎರಡಾಳೆತ್ತರದ ಮರದ ಕೋಲು, ನಡುವೆ ಮಡಚುವ ಕೀಲು, ಮೈತುಂಬ ಕೆಂಪು ಕಪ್ಪು ಗೆರೆ, ಅಂಕಿ. ತಳದಲ್ಲಿ ಸೊನ್ನೆಯಿಂದ ಶುರುವಾಗಬೇಕಾದ ಅಂಕಿ ಎಂಟರಿಂದ ಶುರುವಾಗಿತ್ತು. ಯಾರೋ ಎಂಟು ಸೆಂಟಿಮೀಟರ್, ಅಂದರೆ ನಾಲ್ಕು ಬೆರಳಿನಷ್ಟು, ಕೊಯ್ದು ತೆಗೆದು ತಳದ ಕಬ್ಬಿಣದ ಪಟ್ಟಿಯನ್ನು ಮತ್ತೆ ಹೊಡೆದಿದ್ದರು. ಆ ಕೋಲನ್ನು ಇಪ್ಪತ್ತು ವರ್ಷ ಹಿಡಿದು ನಿಂತಿದ್ದವನು ಕೋಲಣ್ಣ. ನಿನ್ನೆ ಸಂಜೆ ಅವನ ಮನೆಯ ಗರಗಸದ ಹಲ್ಲಿನಲ್ಲಿ ಕೆಂಪು ಬಣ್ಣ ಸಿಕ್ಕಿತ್ತು. ಮರುಗಳಿಗೆಯೇ ಜಿಗಣೆ ಅವನನ್ನು ಒಳಗೆ ಹಾಕಿದ್ದಳು.

ಮಾವ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು, ತಮ್ಮ ಹಳೆಯ ಮಟ್ಟ ನೋಡುವ ಯಂತ್ರವನ್ನು ಮುಕ್ಕಾಲಿಯ ಮೇಲೆ ಕೂರಿಸಿದ್ದರು. ಮಂಡಿ ನೋವಿನ ಮನುಷ್ಯ. ಕೂರುವಾಗ ಒಮ್ಮೆ, ಏಳುವಾಗ ಒಮ್ಮೆ ಹಲ್ಲು ಕಚ್ಚುತ್ತಿದ್ದರು. ಆದರೆ ಯಂತ್ರಕ್ಕೆ ಕಣ್ಣು ಕೊಟ್ಟೊಡನೆ ಇಪ್ಪತ್ತು ವರ್ಷ ಚಿಕ್ಕವರಾದರು.

"ನೆಲದ ಮೇಲೆ ನೂರ ಇಪ್ಪತ್ತೆಂಟು," ಎಂದರು. "ಈಗ ಆ ಟೇಬಲ್ ಮೇಲೆ ಇಡು. ಐವತ್ತೆಂಟು. ಕಳೆದ್ರೆ ಎಷ್ಟು?"

"ಎಪ್ಪತ್ತು."

"ಟೇಪು ಹಿಡಿದು ನೋಡು, ಟೇಬಲ್ ಎತ್ತರ ಎಷ್ಟಿದೆ ಅಂತ."

ಜಿಗಣೆ ಟೇಪು ಹಿಡಿದಳು. ಸರಿಯಾಗಿ ಎಪ್ಪತ್ತು. ಎಂಟು ಸೆಂಟಿಮೀಟರ್ ಗಿಡ್ಡವಾದ ಕೋಲು ಟೇಬಲ್ಲಿನ ಎತ್ತರವನ್ನು ಕೂದಲೆಳೆಯಷ್ಟೂ ತಪ್ಪದೆ ಹೇಳಿತ್ತು. ಅವಳು ಮತ್ತೊಮ್ಮೆ ಹಿಡಿದಳು. ಅಷ್ಟೇ ಬಂತು.

ಮಾವ ನಕ್ಕರು. ಸಮುದ್ರದ ದಂಡೆಯಲ್ಲೂ ಇಷ್ಟೇ ಕಣೇ ಕೆಲಸ ಎಂದು ವಿವರಿಸಿದರು. ದಂಡೆಯ ಮೇಲೆ ಅಲುಗಾಡದ ಒಂದು ಗುರುತುಕಲ್ಲು. ಮೊದಲು ಅದರ ಮೇಲೆ ಕೋಲಿಟ್ಟು ಓದಬೇಕು, ಆಮೇಲೆ ಕೆಳಗಿನ ಮರಳಿನ ಮೇಲಿಟ್ಟು ಓದಬೇಕು. ಎರಡರ ವ್ಯತ್ಯಾಸವೇ ಕಲ್ಲಿಗಿಂತ ಮರಳು ಎಷ್ಟು ತಗ್ಗಿದೆ ಅನ್ನುವ ಲೆಕ್ಕ. ಕೋಲಿನ ತಳ ಕೊಯ್ದಿದ್ದರೆ ಎರಡು ಕಡೆಯೂ ಅದೇ ಎಂಟು ಸೇರುತ್ತದೆ, ಕಳೆಯುವಾಗ ತಾನಾಗಿ ಹಾರಿಹೋಗುತ್ತದೆ.

"ಅಂದ್ರೆ ಕೋಲು ಕೊಯ್ದು ಅಳತೆ ತಿರುಚೋಕೆ ಆಗಲ್ಲ," ಎಂದಳು ಜಿಗಣೆ.

"ಒಂದೇ ಕೋಲಲ್ಲಿ ಅಳೆದರೆ ಖಂಡಿತ ಆಗಲ್ಲ. ಎರಡು ಕೋಲಾದರೆ ಅದು ಬೇರೆ..." ಮಾವ ಅಲ್ಲಿಗೆ ನಿಲ್ಲಿಸಿದರು. ಯಂತ್ರದ ಗಾಜಿಗೆ ಟೊಪ್ಪಿ ಹಾಕಿದರು. ಅದನ್ನು ತೆಗೆದು ಒರೆಸಿ ಮತ್ತೆ ಹಾಕಿದರು. "ಈ ಕೋಲು ಕೊಯ್ದದ್ದು ಯಾವತ್ತು ಅಂತ ಗೊತ್ತಾಯ್ತಾ?"

ಗೊತ್ತಿಲ್ಲ, ಕೋಲಣ್ಣ ನಿನ್ನೆಯಿಂದ ತುಟಿ ಬಿಚ್ಚಿಲ್ಲ ಎಂದಳು ಜಿಗಣೆ. ಮೂಕನಾದರೂ ಕೈಸನ್ನೆ ಮಾಡುತ್ತಾನೆ, ಇವನು ಅದೂ ಇಲ್ಲ.

"ಗೊತ್ತಾದ್ರೆ ನನಗೂ ಹೇಳು," ಎಂದು ಮಾವ ಏಳಲು ಹೋಗಿ ಹಲ್ಲು ಕಚ್ಚಿದರು. "ಮಧ್ಯಾಹ್ನ ಊಟಕ್ಕೆ ಬಾ."

ಅಪ್ಪ ಹೋದಾಗ ಅವಳಿಗೆ ಆರು ವರ್ಷ. ಅಂದಿನಿಂದ ಸೈಕಲ್ ಕಲಿಸಿದ್ದು, ಗಣಿತಕ್ಕೆ ಕಿವಿ ಹಿಂಡಿದ್ದು, ಪೊಲೀಸ್ ಕೆಲಸ ಹೆಣ್ಣುಮಕ್ಕಳಿಗೆ ಯಾಕೆ ಎಂದ ನೆಂಟರ ಬಾಯಿ ಮುಚ್ಚಿಸಿದ್ದು ಎಲ್ಲ ಈ ಮಾವನೇ. ಬಂದರಿನ ಬಾಯಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಉದ್ದನೆಯ ಅಲೆಗೋಡೆ ಕಟ್ಟಿದ ಎಂಜಿನಿಯರ್ ಕೂಡ ಇವರೇ. ಗೋಡೆಯ ಬುಡದ ಕಲ್ಲಿನಲ್ಲಿ ಇವರ ಹೆಸರು ಕೆತ್ತಿದೆ. ಅಪ್ಪನ ಹೆಸರನ್ನು ಮರೆತರೂ ಆ ಕಲ್ಲನ್ನು ಅವಳು ಮರೆಯುವುದಿಲ್ಲ. ಆ ಮನುಷ್ಯನ ಮುಂದೆ ಇವತ್ತು ಪೆದ್ದಿಯಾದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ನಾಚಿಕೆಗಿಂತ ಹೆಚ್ಚು ಭಯವಾಯಿತು. ಕೋಲಣ್ಣ ಅಳತೆ ತಿರುಚಲು ಕೋಲು ಕೊಯ್ದ, ಅದು ಮೇಷ್ಟ್ರಿಗೆ ಗೊತ್ತಾಯಿತು, ಅದಕ್ಕೇ ತಲೆಗೆ ಹೊಡೆದ ಎಂದು ವರದಿಯಲ್ಲಿ ಬರೆದು ಸಹಿ ಹಾಕಿದವಳು ಅವಳೇ. ಇವತ್ತು ಮೂರು ಗಂಟೆಗೆ ಅವನು ಆ ವರದಿಯ ಸಮೇತ ನ್ಯಾಯಾಧೀಶರ ಮುಂದೆ ನಿಲ್ಲಬೇಕು. ನಿಂತ ಮೇಲೆ ಅವನು ಮನೆಗೆ ಬರುವುದು ಯಾವ ಕಾಲಕ್ಕೋ. ಎತ್ತು ಈಯಿತು ಅಂದರೆ ಕರು ಕಟ್ಟಲು ಹೊರಟವರ ಹಾಗೆ ಅವಳು ಹಗ್ಗ ಹಿಡಿದು ಓಡಿದ್ದಳು. ಹಗ್ಗ ಈಗ ಒಬ್ಬ ಬಡಪಾಯಿಯ ಕುತ್ತಿಗೆಯಲ್ಲಿತ್ತು.

ಆಗ ಹನ್ನೊಂದೂಕಾಲು ಗಂಟೆ.

*

ಎತ್ತು ಈಯಿತು ಎಂದು ಅವಳಿಗೆ ಹೇಳಿದವರು ಕರಾವಳಿ ರಕ್ಷಣಾ ಕಚೇರಿಯ ಸಾಹೇಬರು. ಜಿಗಣೆ ಅಲ್ಲಿಗೇ ಹೋದಳು.

ಸಾಹೇಬರ ಕೋಣೆ ತಂಪಾಗಿತ್ತು. ಗೋಡೆಯ ತುಂಬ ಎರಡು ದೊಡ್ಡ ಫೋಟೋಗಳು. ಒಂದರಲ್ಲಿ ಹತ್ತೊಂಬತ್ತು ವರ್ಷದ ಹಿಂದಿನ ದಂಡೆ, ಉದ್ದಕ್ಕೂ ಒಂದೇ ಅಗಲ. ಇನ್ನೊಂದು ಈ ವರ್ಷದ್ದು. ಅಲೆಗೋಡೆಯ ದಕ್ಷಿಣಕ್ಕೆ ಮರಳು ಆಟದ ಮೈದಾನದಷ್ಟು ಬೆಳೆದಿತ್ತು. ಉತ್ತರಕ್ಕೆ ಸಮುದ್ರ ಬೀದಿಯವರೆಗೂ ಕೊರೆದು ಬಂದಿತ್ತು. ಅಲ್ಲಿದ್ದ ಮೂವತ್ತೊಂದು ಮನೆಗಳಲ್ಲಿ ಉಳಿದದ್ದು ಹದಿನಾಲ್ಕು. ಸಮುದ್ರದ ಕಡೆಯಿಂದ ಮೂರನೆಯದು ಕೋಲಣ್ಣನದು.

ಮರಳು ದಂಡೆಯುದ್ದಕ್ಕೂ ದಕ್ಷಿಣದಿಂದ ಉತ್ತರಕ್ಕೆ ನಡೆಯುವ ವಸ್ತು. ಅಡ್ಡಗೋಡೆ ಕಟ್ಟಿದರೆ ಒಂದು ಕಡೆ ಗುಡ್ಡೆ, ಇನ್ನೊಂದು ಕಡೆ ಹಸಿವು. ಗೋಡೆ ಸರ್ಕಾರದ್ದು, ಕೊರೆತವೂ ಹಾಗಾಗಿ ಸರ್ಕಾರದ್ದೇ. ಕೊನೆಗೂ ಸರ್ಕಾರ ಕಣ್ಣು ಬಿಟ್ಟು, ದಕ್ಷಿಣದ ಮರಳನ್ನು ಕೊಳವೆಯಲ್ಲಿ ಉತ್ತರಕ್ಕೆ ದಾಟಿಸುವ ಯೋಜನೆ ತಂದಿತ್ತು. ಒಂದು ವರ್ಷ ಅಳೆದು ನೋಡುವುದು, ಉತ್ತರದ ದಂಡೆ ಮೇಲೆದ್ದರೆ ಗೋಡೆ ಹಾಗೇ ಇರಲಿ, ಏಳದಿದ್ದರೆ ಗೋಡೆಯ ತುದಿಯಿಂದ ಎಂಬತ್ತು ಮೀಟರ್ ಒಡೆದು ಮರಳಿಗೆ ದಾರಿ ಬಿಡುವುದು. ತೀರ್ಮಾನಿಸುವ ಸಮಿತಿ ಇವತ್ತು ನಾಲ್ಕು ಗಂಟೆಗೆ ಇದೇ ಕಟ್ಟಡದಲ್ಲಿ ಕೂರುವುದಿತ್ತು. ಹೊರಗೆ ಹಜಾರದಲ್ಲಿ ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು.

ಜಿಗಣೆ ಮಡಚಿದ ಕೋಲನ್ನು ಸಾಹೇಬರ ಟೇಬಲ್ಲಿನ ಮೇಲೆ ಅಡ್ಡಲಾಗಿ ಇಟ್ಟಳು. ಸಾಹೇಬರು ತಮ್ಮ ಲೋಟವನ್ನು ಆಚೆ ಸರಿಸಿದರು.

"ಈ ಕೋಲಿಂದ ಅಳೆದ್ರೆ ಮರಳಿನ ಮಟ್ಟದಲ್ಲಿ ಎಷ್ಟು ತಪ್ಪು ಬರುತ್ತೆ ಸಾರ್?"

"ಹೇಳಿದ್ನಲ್ಲ. ಎಂಟು ಸೆಂಟಿಮೀಟರ್."

"ಒಂದು ಚೂರು ಕಾಗದದ ಮೇಲೆ ಮಾಡಿ ತೋರಿಸ್ತೀರಾ?"

ಸಾಹೇಬರು ಮುಗುಳ್ನಕ್ಕು ಪೆನ್ನು ತೆಗೆದರು. ಕಲ್ಲಿನ ಓದು ಬರೆದರು, ಎಂಟು ಸೇರಿಸಿದರು. ಮರಳಿನ ಓದು ಬರೆದರು, ಎಂಟು ಸೇರಿಸಿದರು. ಕಳೆಯಲು ಗೆರೆ ಎಳೆದರು. ಪೆನ್ನು ಗೆರೆಯ ಕೊನೆಯಲ್ಲಿ ನಿಂತಿತು. ಅವರ ಕಿವಿ ನಿಧಾನವಾಗಿ ಕೆಂಪಾಯಿತು.

"ಕಾಲೇಜು ಬಿಟ್ಟ ಮೇಲೆ ನಾನು ಕೋಲು ಮುಟ್ಟಿಲ್ಲ," ಎಂದರು ಕೊನೆಗೆ. ಅವರ ಬೂಟು ನೋಡಿದರೇ ಅದು ಗೊತ್ತಾಗುತ್ತಿತ್ತು. ಅದು ಮರಳು ಕಂಡ ಬೂಟಲ್ಲ.

"ಕೋಲಣ್ಣ ಇಪ್ಪತ್ತು ವರ್ಷ ಮುಟ್ಟಿದ್ದಾನೆ. ಅವನಿಗೆ ಇದು ನಿದ್ದೆಯಲ್ಲೂ ಗೊತ್ತು. ಕೆಲಸ ಗೊತ್ತಿಲ್ಲದವನು ಮಾತ್ರ ಅಳತೆ ಕೆಡಿಸೋಕೆ ಈ ಕೋಲು ಕೊಯ್ತಾನೆ. ಅಥವಾ ಕೊಯ್ದು ಅವನ ತಲೆಗೆ ಕಟ್ತಾನೆ. ಗರಗಸಕ್ಕೆ ಬಣ್ಣ ಹಚ್ಚೋದೇನು ದೊಡ್ಡ ಕೆಲಸವಾ?"

"ನೀವು ನನ್ನನ್ನ ನೋಡ್ತಾ ಈ ಮಾತು ಹೇಳ್ತಿದ್ದೀರಿ."

"ಕೋಣೆಯಲ್ಲಿ ಬೇರೆ ಯಾರೂ ಇಲ್ಲವಲ್ಲ ಸಾರ್."

ಸಾಹೇಬರು ಕೂಗಾಡಲಿಲ್ಲ. ಅವರು ಕೂಗಾಡಿದ್ದರೆ ಜಿಗಣೆಗೆ ಸುಲಭವಾಗುತ್ತಿತ್ತು. ನೀರು ಕುಡಿದು, ಬಾಯಿ ಒರೆಸಿಕೊಂಡು, ಕೋಲು ಕೆಟ್ಟರೆ ತನಗೇನು ಲಾಭ ಎಂದು ಕೇಳಿದರು. ಆ ಪ್ರಶ್ನೆಗೆ ಅವಳು ದಾರಿಯಲ್ಲೇ ಉತ್ತರ ಹೊಂದಿಸಿಕೊಂಡು ಬಂದಿದ್ದಳು. ಅಳತೆ ಮೇಷ್ಟ್ರು ವರ್ಷವಿಡೀ ಅಳೆದ ಪ್ರಕಾರ ಉತ್ತರದ ದಂಡೆ ಇನ್ನೂ ಕುಸಿಯುತ್ತಿದೆ. ಕೋಲಣ್ಣ ಕೋಲು ಕೆಡಿಸಿದ್ದ ಎಂದಾದರೆ ಮೇಷ್ಟ್ರ ಹನ್ನೆರಡು ತಿಂಗಳ ಅಳತೆ ಕಸದ ಬುಟ್ಟಿಗೆ. ದಂಡೆ ಏಳುತ್ತಿದೆ ಎಂದು ಯಾರಿಗೆ ಹೇಳಬೇಕಿದೆಯೋ ಅವರಿಗೆ ದಾರಿ ಸಲೀಸು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಇಲ್ಲಿ ಕೋಲು ಬರೀ ನಾಲ್ಕು ಬೆರಳು ಗಿಡ್ಡವಾಗಿತ್ತು.

ಸಾಹೇಬರು ಕಪಾಟು ತೆರೆದು, ಅರಗು ಹಾಕಿದ ದಪ್ಪ ಲಕೋಟೆ ತೆಗೆದು ಕೋಲಿನ ಪಕ್ಕ ಇಟ್ಟರು.

"ಮೇಷ್ಟ್ರ ಅಳತೆ ನಂಬಬೇಡಿ ಅಂತ ನಾನು ಯಾರಿಗೂ ಹೇಳಿಲ್ಲ. ಅವರದ್ದು ಒಂದು, ಮರುಅಳತೆ ಇನ್ನೊಂದು. ಸರ್ಕಾರ ನೇಮಿಸಿದ ಪರಿಶೀಲಕರು ತಿಂಗಳಿಗೊಮ್ಮೆ ಸ್ವತಂತ್ರವಾಗಿ ಅಳೀತಾರೆ. ಮೂರು ತಿಂಗಳದ್ದು ಇದರಲ್ಲಿದೆ. ಅದರ ಪ್ರಕಾರ ಮರಳು ಏರ್ತಿದೆ. ಮೇಷ್ಟ್ರದ್ದು ತಪ್ಪು ಅಂದ್ರೆ ಅವರ ಕೋಲೇ ಯಾಕಿರಬಾರದು ಅಂತ ನಿಮಗೆ ಹೇಳಿದೆ. ತಪ್ಪು ನನ್ನದು. ಕೊಲೆ ನನ್ನದಲ್ಲ."

ಪರಿಶೀಲಕರು ಯಾರು ಎಂದು ಜಿಗಣೆ ಕೇಳಿದಳು. ಒತ್ತಡ ಬರಬಾರದೆಂದು ಸಮಿತಿ ಕೂರುವ ತನಕ ಅವರ ಹೆಸರು ಗುಟ್ಟು ಎಂದರು ಸಾಹೇಬರು. ಕೊನೆಯ ಹಾಳೆಯಲ್ಲಿ ಸಹಿಯಿದೆ, ತನಿಖೆಗೆ ಬೇಕೇಬೇಕು ಅಂದರೆ ರಸೀದಿ ಕೊಟ್ಟು ಒಯ್ಯಿರಿ, ಸಮಿತಿಗೆ ಹತ್ತು ಪ್ರತಿ ಆಗಲೇ ಅಚ್ಚಾಗಿದೆ ಎಂದೂ ಸೇರಿಸಿದರು.

"ಹೆಸರು ನೋಡಿದ್ರೆ ನೀವೇ ಎದ್ದು ನಿಲ್ತೀರಿ ಮೇಡಂ. ಅಂಥವರು ಅವರು."

ಜಿಗಣೆ ರಸೀದಿಗೆ ಸಹಿ ಹಾಕುತ್ತಿರುವಾಗಲೇ ಅವಳ ಫೋನು ಬಡಿದುಕೊಂಡಿತು. ಠಾಣೆಯಿಂದ ಮುಖ್ಯಪೇದೆ ಮೀಸೆ. ಕೋರ್ಟಿನವರು ಸಮಯ ಹಿಂದಕ್ಕೆ ತಂದಿದ್ದರು. ಮೂರಕ್ಕಲ್ಲ, ಒಂದೂವರೆಗೆ. ಜೀಪು ಒಂದಕ್ಕೆ ಹೊರಡಬೇಕು. ಹೊರಗೆ ಬಂದು ಗಡಿಯಾರ ನೋಡಿದರೆ ಹನ್ನೆರಡು ದಾಟಿತ್ತು. ಲಕೋಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳು ಮೆಟ್ಟಿಲಿಳಿದಳು.

*

ಲಾಕಪ್ಪಿನಲ್ಲಿ ಕೋಲಣ್ಣ ಗೋಡೆಗೆ ಬೆನ್ನು ತಾಗಿಸದೆ ನಿಂತಿದ್ದ. ಕೂತದ್ದನ್ನು ಯಾರೂ ನೋಡಿರಲಿಲ್ಲ. ಯಂತ್ರದ ಹಿಂದೆ ಇರುವವರು ಕೈ ಎತ್ತುವ ತನಕ ಅಲುಗಾಡಬಾರದು ಅನ್ನುವುದು ಅವನ ಕೆಲಸದ ಮೊದಲ ಪಾಠ. ಇಪ್ಪತ್ತು ವರ್ಷದಲ್ಲಿ ಅದು ಮೂಳೆಗೆ ಇಳಿದಿತ್ತು.

ಜಿಗಣೆ ಬೀಗ ತೆಗೆಸಿ ಒಳಗೆ ಹೋಗಿ, ನೆಲದ ಮೇಲೇ ಕೂತಳು.

"ನನ್ನಿಂದ ತಪ್ಪಾಗಿದೆ," ಎಂದಳು. "ಕೋಲು ಕೊಯ್ದ್ರೆ ಅಳತೆ ಕೆಡಲ್ಲ ಅಂತ ಇವತ್ತು ಕಲಿತೆ. ನಿನ್ನ ತಲೆಗೆ ಯಾರೋ ಇದನ್ನ ಕಟ್ಟಿದ್ದಾರೆ. ಯಾರು ಅಂತ ಹೇಳು, ಒಂದು ಗಂಟೆಯೊಳಗೆ ನಿನ್ನ ಮನೆಗೆ ಕಳಿಸ್ತೀನಿ."

ಪೊಲೀಸರು ತಪ್ಪೊಪ್ಪಿಕೊಂಡದ್ದನ್ನು ಕೋಲಣ್ಣ ಜನ್ಮದಲ್ಲಿ ಕಂಡಿರಲಿಲ್ಲ.

"ಟೈಮೆಷ್ಟು ಮೇಡಂ?"

"ಹನ್ನೆರಡೂವರೆ."

"ನಾಲ್ಕಾದ ಮೇಲೆ ಹೇಳ್ತೀನಿ. ಸಮಿತಿ ಶುರುವಾದ ಮೇಲೆ."

"ನಾಲ್ಕಕ್ಕೆ ನೀನು ಜೈಲಲ್ಲಿರ್ತೀಯ."

"ಇರಲಿ. ಮಾತು ಕೊಟ್ಟಿದ್ದೀನಿ."

ಯಾರಿಗೆ ಎಂದು ಕೇಳಿದರೆ ಮತ್ತೆ ತುಟಿ ಹೊಲಿದುಕೊಂಡ. ಜಿಗಣೆ ಗದರಿದಳು, ಬೇಡಿದಳು, ಅವನ ಹೆಂಡತಿ ಬೆಳಗಿನಿಂದ ಠಾಣೆಯ ಗೇಟಿನಲ್ಲಿ ನಿಂತಿದ್ದಾಳೆ ಎಂದಳು. ಆ ಮಾತಿಗೆ ಅವನು ಗೇಟಿನ ಕಡೆ ತಿರುಗಿದ. ಆದರೂ ಬಾಯಿ ತೆರೆಯಲಿಲ್ಲ. ಅವನ ನಿಯತ್ತು ಅವನಿಗೇ ನುಂಗಲಾರದ ತುತ್ತಾಗಿತ್ತು.

ಆಗ ಅವನ ಕಣ್ಣು ಅವಳ ಮಡಿಲಲ್ಲಿದ್ದ ಲಕೋಟೆಯ ಮೇಲೆ ಬಿತ್ತು.

"ಅದೇನು ಮೇಡಂ?"

"ಮರುಅಳತೆ. ಮೂರು ತಿಂಗಳದ್ದು."

"ಅಚ್ಚಾಗಿದೆಯಾ? ಇನ್ನು ತಿದ್ದೋಕೆ ಆಗಲ್ವಾ?"

ಹತ್ತು ಪ್ರತಿ ಅಚ್ಚಾಗಿದೆ, ಅರಗು ಹಾಕಿದೆ, ಇನ್ನು ಬ್ರಹ್ಮ ಬಂದರೂ ತಿದ್ದಲಾಗದು ಎಂದಳು ಜಿಗಣೆ. ಕೋಲಣ್ಣ ಲಾಕಪ್ಪಿಗೆ ಬಂದ ಮೇಲೆ ಮೊದಲ ಬಾರಿಗೆ ಕೂತ. ಕಾಲು ಮಡಚಿ, ಅವಳ ಎದುರಿಗೆ, ನೆಲದ ಮೇಲೆ.

"ಹಾಗಾದ್ರೆ ಹೇಳಬಹುದು. ನನ್ನ ತಲೆಗೆ ಯಾರೂ ಏನೂ ಕಟ್ಟಿಲ್ಲ ಮೇಡಂ. ಆ ಕೋಲು ಕೊಯ್ದವನು ನಾನೇ."

ಬೆಳಗಿನಿಂದ ಜಿಗಣೆ ಕಟ್ಟಿಕೊಂಡು ಬಂದದ್ದೆಲ್ಲ ಆ ಒಂದು ಮಾತಿಗೆ ಕುಸಿಯಿತು.

"ಮೇಷ್ಟ್ರು ಕೊಯ್ಯಿಸಿದ್ರು," ಎಂದ ಕೋಲಣ್ಣ.

ಅವನು ಹೇಳಿದ್ದು ಇಷ್ಟು. ಮೇಷ್ಟ್ರು ತಾವು ಅಳೆಯುವಾಗ ಕಲ್ಲಿಗೂ ಮರಳಿಗೂ ಈ ಒಂದೇ ಮರದ ಕೋಲು ಬಳಸುತ್ತಿದ್ದರು. ಮರುಅಳತೆಯ ಪದ್ಧತಿ ಬೇರೆ. ಸಮುದ್ರದ ನೀರು ಇಳಿದಿರುವ ಹೊತ್ತು ಕಡಿಮೆ, ಬೇಗ ಮುಗಿಯಲೆಂದು ಎರಡು ಕೋಲು, ಪರಿಶೀಲಕರೇ ಕರೆತರಬೇಕಾದ ಇಬ್ಬರು ಆಳು. ಕಲ್ಲಿನ ಮೇಲೆ ಹೊಸ ಅಲ್ಯೂಮಿನಿಯಂ ಕೋಲು. ಉಪ್ಪುನೀರು ತಾಗಿದರೆ ಅದರ ಕೀಲು ಹಿಡಿದುಕೊಳ್ಳುತ್ತದೆ, ಆದ್ದರಿಂದ ಮರಳಿನ ಮೇಲೆ ಹೋಗುವುದು ಯಾವಾಗಲೂ ಮರದ ಕೋಲೇ. ತಿಂಗಳಿಗೊಂದು ದಿನ ಜೀಪು ಬಂದು ಎರಡೂ ಕೋಲನ್ನು ಒಯ್ಯುತ್ತಿತ್ತು, ಸಂಜೆ ತಂದು ಇಡುತ್ತಿತ್ತು. ಯಾರಿಗೆ ಒಯ್ಯುತ್ತದೆ ಎಂದು ಕೋಲಣ್ಣ ಕೇಳಿದವನಲ್ಲ.

"ಮೊದಲನೇ ಸಲ ವಾಪಸ್ ಬಂದಾಗ ಒರೆಸೋಕೆ ಅಂತ ಬಟ್ಟೆ ತಗೊಂಡೆ. ಒರೆಸೋಕೆ ಏನೂ ಇರಲಿಲ್ಲ. ತಳದ ಪಟ್ಟಿಯಲ್ಲಿ ಒಂದು ಕಣ ಮರಳಿಲ್ಲ, ತೇವ ಇಲ್ಲ. ದಂಡೆಗೆ ಹೋಗಿ ಬಂದ ಕೋಲು ಹಾಗಿರಲ್ಲ ಮೇಡಂ. ತೊಳೆದರೂ ಕೀಲಲ್ಲಿ ಮರಳು ಇರುತ್ತೆ. ಮೇಷ್ಟ್ರಿಗೆ ತೋರಿಸಿದೆ. ಅವರು ಆ ಪಟ್ಟಿಯನ್ನ ಬೆರಳಲ್ಲಿ ಸವರಿ ನೋಡಿದ್ರು. ಆಮೇಲೆ ಗರಗಸ ತಾ ಅಂದ್ರು."

ಜಿಗಣೆಯ ಕಿವಿಯಲ್ಲಿ ಬೆಳಗಿನ ಮಾತು ಗುಂಯ್‌ಗುಟ್ಟಿತು. ಎರಡು ಕೋಲಾದರೆ ಅದು ಬೇರೆ. ಅವಳು ನಿಧಾನವಾಗಿ, ಪಾಠ ಒಪ್ಪಿಸುವವಳ ಹಾಗೆ ಹೇಳಿದಳು: ಕಲ್ಲಿನ ಮೇಲೆ ಪೂರ್ತಿ ಕೋಲು, ಮರಳಿನ ಮೇಲೆ ಕೊಯ್ದ ಕೋಲು. ಎಂಟು ಒಂದೇ ಕಡೆ ಸೇರುತ್ತದೆ, ಕಳೆದರೂ ಹೋಗುವುದಿಲ್ಲ.

"ಮರಳು ಇದ್ದದ್ದಕ್ಕಿಂತ ನಾಲ್ಕು ಬೆರಳು ತಗ್ಗಿದ ಹಾಗೆ ಬರುತ್ತೆ," ಎಂದ ಕೋಲಣ್ಣ. ಅವನ ಮುಖದಲ್ಲಿ ಮೇಷ್ಟ್ರ ಮೇಲಿನ ಹೆಮ್ಮೆ ಕಾಣಿಸಿತು. "ನಿಜವಾಗಿ ಅಳೆದವರ ಪಟ್ಟಿಯಲ್ಲಿ ಆ ತಪ್ಪು ಇದ್ದೇ ಇರಬೇಕು. ಮನೇಲಿ ಕೂತು ಬರೆದವರಿಗೆ ಕೋಲು ಕೊಯ್ದದ್ದು ಹೇಗೆ ಗೊತ್ತಾಗುತ್ತೆ? ಇರಬೇಕಾದ ತಪ್ಪು ಇಲ್ಲ ಅಂದ್ರೆ ಸಿಕ್ಕಿಬಿದ್ದ ಹಾಗೆ ಅಂದ್ರು ಮೇಷ್ಟ್ರು. ಸಮಿತಿ ಮುಂದೆ ಇಡ್ತೀನಿ, ಅಲ್ಲೀತನಕ ಉಸಿರೆತ್ತಬೇಡ, ಉಸಿರೆತ್ತಿದ್ರೆ ಅಂಕಿ ತಿದ್ದಿಬಿಡ್ತಾರೆ ಅಂತ ಮಾತು ತಗೊಂಡ್ರು."

ಅವರು ಸತ್ತ ಮೇಲೂ ಅವನು ಆ ಮಾತು ಉಳಿಸಿಕೊಂಡಿದ್ದ. ಸಾಯುವ ದಿನ ಬೆಳಗ್ಗೆ ಮೇಷ್ಟ್ರು ಕೊಡೆ ಮರೆತೆ, ತಾ ಎಂದು ಅವನನ್ನು ಶೆಡ್ಡಿಗೆ ಕಳಿಸಿದ್ದರು. ಕೊಡೆ ತರುವಷ್ಟರಲ್ಲಿ ಅವರು ಗುರುತುಕಲ್ಲಿನ ಕೆಳಗೆ, ಕೊರೆದ ದಂಡೆಯ ಬುಡದಲ್ಲಿ ಬಿದ್ದಿದ್ದರು. ಆ ದಿನ ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ. ತನ್ನನ್ನು ದೂರ ಕಳಿಸಲೆಂದೇ ಕೊಡೆ ಕೇಳಿದರು, ಯಾರೋ ಬರುವವರಿದ್ದರು ಎಂದು ಕೋಲಣ್ಣನಿಗೆ ಹೊಳೆದದ್ದು ಲಾಕಪ್ಪಿನಲ್ಲಿ. ಕಲ್ಲಿನ ತನಕ ರಸ್ತೆಯಿದೆ, ಕಾರಲ್ಲೇ ಬಂದು ಇಳಿಯಬಹುದು.

ಕೊಯ್ದ ದಿನ ಯಾವುದು, ಅದಕ್ಕೆ ಸಾಕ್ಷಿ ಏನು ಎಂದಳು ಜಿಗಣೆ. ಕೋಲಣ್ಣ ಸ್ವಲ್ಪ ಸಂಕೋಚದಿಂದ ಹೇಳಿದ. ಕೊಯ್ದ ತುಂಡಿನ ಮೇಲೆ ಮೇಷ್ಟ್ರು ತಾರೀಖು ಬರೆದು ಸಹಿ ಹಾಕಿ ಅವನ ಕೈಗೇ ಕೊಟ್ಟಿದ್ದರು. ದಂಡೆ ಕುಸಿದಾಗಿನಿಂದ ಅವನ ಮನೆಯ ನೆಲ ಒಂದು ಕಡೆ ವಾಲಿದೆ. ಆ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಮಂಚದ ಕಾಲಿಗೆ ಒತ್ತು ಕೊಟ್ಟಿದ್ದ.

"ನಿಮ್ಮವರು ಆ ಮಂಚದ ಮೇಲೇ ಕೂತು ಗರಗಸಕ್ಕೆ ಚೀಟಿ ಬರೆದ್ರು ಮೇಡಂ."

ಬೇರೆ ದಿನವಾಗಿದ್ದರೆ ಜಿಗಣೆ ನಗುತ್ತಿದ್ದಳು. ಮೀಸೆಯನ್ನು ಕೂಗಿ ಓಡಿಸಿದಳು. ಹತ್ತೇ ನಿಮಿಷದಲ್ಲಿ ಅವನು ಏದುಸಿರು ಬಿಡುತ್ತ ಬಂದ. ಕೈಯಲ್ಲಿ ಹಳೆಯ ಸೀರೆಯ ಚೂರಿನಲ್ಲಿ ಸುತ್ತಿದ ಮರದ ತುಂಡು. ಜಿಗಣೆ ಅದನ್ನು ಕೋಲಿನ ತಳಕ್ಕೆ ಹಿಡಿದಳು. ಗೆರೆಗೆ ಗೆರೆ ಕೂಡಿತು, ಅಂಕಿ ಸೊನ್ನೆಗೆ ಇಳಿಯಿತು. ಹಿಂಬದಿಯಲ್ಲಿ ಮೇಷ್ಟ್ರ ದುಂಡಗಿನ ಅಕ್ಷರ, ಸಹಿ, ತಾರೀಖು. ಎರಡು ತಿಂಗಳು ಮೂರು ದಿನದ ಹಿಂದಿನದು.

ಹೊರಗೆ ಜೀಪು ಶುರುವಾದ ಸದ್ದಾಯಿತು. ಒಂದಕ್ಕೆ ಏಳು ನಿಮಿಷ ಇತ್ತು.

ಜಿಗಣೆ ಅರಗು ಒಡೆದಳು. ಮೂರು ಪಟ್ಟಿ. ಪ್ರತಿಯೊಂದರ ತಲೆಯಲ್ಲೂ ಒಂದೇ ಸಾಲು: ಕಲ್ಲಿನ ಮೇಲೆ ಅಲ್ಯೂಮಿನಿಯಂ ಕೋಲು, ಮರಳಿನ ಮೇಲೆ ಮರದ ಕೋಲು. ಮೊದಲನೆಯ ಪಟ್ಟಿ ಕೋಲು ಕೊಯ್ಯುವ ಮುಂಚಿನದು. ಉಳಿದೆರಡು ಕೊಯ್ದ ಮೇಲಿನವು. ಎರಡನೆಯದರಲ್ಲಿ ಮರಳು ಧುಪ್ಪನೆ ಇಳಿಯಬೇಕಿತ್ತು. ಇಳಿದಿರಲಿಲ್ಲ. ಮೂರು ಸೆಂಟಿಮೀಟರ್ ಏರಿತ್ತು. ಮೂರನೆಯದರಲ್ಲಿ ಮತ್ತೆ ಮೂರು. ಮೆಟ್ಟಿಲು ಹತ್ತಿದ ಹಾಗೆ, ನೀಟಾಗಿ. ಹೀಗೆ ಏರುವ ಮರಳನ್ನು ಯಾವ ಸಮುದ್ರವೂ ತಂದು ಹಾಕುವುದಿಲ್ಲ, ಇದನ್ನು ಯಾರೋ ಟೇಬಲ್ಲಿನ ಮುಂದೆ ಕೂತು ಬರೆದಿದ್ದರು.

"ಇಲ್ಲ," ಎಂದಳು. "ಇರಬೇಕಾದ ತಪ್ಪು ಇಲ್ಲ."

ಕೋಲಣ್ಣ ಕಣ್ಣು ಮುಚ್ಚಿಕೊಂಡ. ರೆಪ್ಪೆಯ ಕೆಳಗೆ ನೀರು ಬಂತು.

ಜಿಗಣೆ ಕೊನೆಯ ಹಾಳೆ ತಿರುವಿದಳು. ಸಹಿಯನ್ನು ಓದಬೇಕಾದ ಅಗತ್ಯವೇ ಇರಲಿಲ್ಲ. ಆರನೆಯ ವಯಸ್ಸಿನಿಂದ ಅವಳ ಶಾಲೆಯ ಪ್ರಗತಿ ಪತ್ರದಲ್ಲಿ, ಪೋಷಕರ ಸಹಿ ಎಂಬ ಖಾಲಿ ಜಾಗದಲ್ಲಿ, ವರ್ಷಕ್ಕೆ ಮೂರು ಬಾರಿ ಬಿದ್ದ ಸಹಿ ಅದು. ಕೊನೆಯ ಅಕ್ಷರದ ಬಾಲ ಎಡಕ್ಕೆ ತಿರುಗುತ್ತದೆ. ಚಿಕ್ಕವಳಿದ್ದಾಗ ಅದನ್ನು ಅನುಕರಿಸಲು ಹೋಗಿ ಸಿಕ್ಕಿಬಿದ್ದಿದ್ದಳು. ಸಹಿ ಅಂದರೆ ಮನುಷ್ಯ ಕಣೇ, ಸುಳ್ಳಿನ ಕೆಳಗೆ ಹಾಕಬಾರದು ಎಂದು ಅವತ್ತು ಕಿವಿ ಹಿಂಡಿದವರೂ ಅವರೇ.

ಮಂಡಿ ನೋವಿನ ಮನುಷ್ಯ ಮರಳಿನ ಮೇಲೆ ನಡೆಯಲಾರ. ನಡೆಯಲಾರೆ ಎಂದು ಒಪ್ಪಿಕೊಳ್ಳಲಾರ. ತನ್ನ ಹೆಸರು ಕೆತ್ತಿದ ಗೋಡೆಯನ್ನು ಒಡೆಯಲು ಬಿಡಲಾರ. ಅವಳಿಗೆ ಒಂದು ಕ್ಷಣದಲ್ಲಿ ಎಲ್ಲ ತಿಳಿಯಿತು. ಈ ಮರದ ತುಂಡನ್ನು ಜೇಬಿಗೆ ಹಾಕಿಕೊಂಡು ಮರೆಸಿದರೆ ಕೋಲಣ್ಣನ ಮಾತನ್ನು ಯಾರೂ ನಂಬಲಾರರು ಎಂಬ ಯೋಚನೆಯೂ ಬಂತು. ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ಮೀಸೆ, ಜೀಪು ನಿಲ್ಲಿಸು," ಎಂದಳು. "ಇವನು ಕೋರ್ಟಿಗೆ ಹೋಗಲ್ಲ. ವರದಿ ವಾಪಸ್ ತಗೊಳ್ತಿದ್ದೀನಿ. ಇವನ ಹೆಂಡತಿಯನ್ನ ಒಳಗೆ ಕರಿ."

"ಕಾರಣ ಏನು ಅಂತ ಬರೀಲಿ ಮೇಡಂ?"

ಅವಳು ಉತ್ತರ ಹೇಳುವ ಮುಂಚೆ ಫೋನು ಅಲುಗಿತು. ಪರದೆಯ ಮೇಲೆ ಮಾವನ ಮುಖ. ಕಳೆದ ವರ್ಷ ಅಲೆಗೋಡೆಯ ಮೇಲೆ ನಿಲ್ಲಿಸಿ ಅವಳೇ ತೆಗೆದ ಫೋಟೋ.

"ಊಟಕ್ಕೆ ಕಾಯ್ತಿದ್ದೀನಿ ಪುಟ್ಟಿ," ಎಂದರು ಮಾವ. ಧ್ವನಿ ಎಂದಿನ ಹಾಗೇ ಇತ್ತು, ಸ್ವಲ್ಪ ದಣಿದಿತ್ತು ಅಷ್ಟೇ. "ಕೋಲು ಕೊಯ್ದದ್ದು ಯಾವತ್ತು ಅಂತ ಅವನು ಹೇಳಿದ್ನಾ?"

ಜಿಗಣೆ ತುಂಡಿನ ಮೇಲಿನ ತಾರೀಖನ್ನು ನೋಡಿದಳು. ಕೋ​ಲಣ್ಣ ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿದ್ದ.

"ಹೇಳಿದ್ದಾನೆ ಅನ್ನು. ಒಳ್ಳೇದಾಯ್ತು, ಪಾಪದವನು ಅವನು." ಮಾವ ಕುರ್ಚಿಯಿಂದ ಏಳುತ್ತಿರಬೇಕು, ಹಲ್ಲು ಕಚ್ಚಿದ ಸದ್ದು ಕೇಳಿತು. "ಅವತ್ತು ಬೆಳಗ್ಗೆ ಕಲ್ಲಿನ ಹತ್ತಿರ ಮೇಷ್ಟ್ರು ನನ್ನ ಪಟ್ಟಿ ನೋಡಿ ನನಗೆ ಒಂದು ಮಾತು ಹೇಳಿದ್ರು. ನಿಮ್ಮ ಅಳತೆಯಲ್ಲಿ ಇರಬೇಕಾದ ತಪ್ಪು ಇಲ್ಲ ಸಾರ್ ಅಂತ. ಯಾವ ತಪ್ಪು ಅಂತ ಎಷ್ಟು ಕೇಳಿದ್ರೂ ಬಾಯಿ ಬಿಡಲಿಲ್ಲ. ಇವತ್ತು ನೀನು ಆ ಕೋಲು ಹಿಡಿದು ಅಂಗಳಕ್ಕೆ ಬಂದಾಗ ಅರ್ಥವಾಯ್ತು."